ನಿಯಮ ಪುಸ್ತಕ ನಾಲ್ಕು ಸಲ ಓದಿದರೂ ಆಟ ತಲೆಗೆ ಹತ್ತುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಶೀತಲ ಸಮರದ ಬಗ್ಗೆ ಓದುವ ಹುಚ್ಚು ನನಗೆ ಮೊದಲಿನಿಂದ ಇದೆ. ಆ ಧೈರ್ಯದ ಮೇಲೆ, ಒಬ್ಬರು ಅಮೆರಿಕ ಇನ್ನೊಬ್ಬರು ಸೋವಿಯತ್ ಆಗಿ ಆಡುವ ‘ಟ್ವೈಲೈಟ್ ಸ್ಟ್ರಗಲ್’ ಬೋರ್ಡ್ ಗೇಮ್ ತರಿಸಿಕೊಂಡೆ. ನಿಯಮ ಪುಸ್ತಕ ನಾಲ್ಕು ಸಲ ಓದಿದೆ, ವಿಡಿಯೊ ನೋಡಿದೆ. ಗೆಳೆಯನ ಜೊತೆ ಆಡಲು ಕೂತರೆ ಐದು ಗಂಟೆಯಾದರೂ ಮೂರನೇ ಸುತ್ತು ಮುಗಿಯಲಿಲ್ಲ. ಕೈಯಲ್ಲಿ ಎಂಟು ಕಾರ್ಡ್ ಹಿಡಿದು ಯಾವುದನ್ನು ಹಾಕಬೇಕು ಅಂತಲೇ ತಿಳಿಯುವುದಿಲ್ಲ. ಕೊನೆಗೆ ನಾನು ಸೋವಿಯತ್ ಕಡೆಯಿಂದ ‘ಸಿಐಎ ಕ್ರಿಯೇಟೆಡ್’ ಅನ್ನುವ ಚಿಕ್ಕ ಕಾರ್ಡ್ ಹಾಕಿದೆ. ಅವನು ಕ್ಯೂಬಾದಲ್ಲಿ ಕ್ಷಿಪ್ರಕ್ರಾಂತಿಗೆ ಕೈಹಾಕಿದ. ಅಣುಯುದ್ಧ ಆಯಿತು, ನಾನು ಸೋತೆ. ಕೈಹಾಕಿದ್ದು ಅವನು, ಸೋತದ್ದು ನಾನು! ಗೆಳೆಯ ಈಗ ಆಟದ ಹೆಸರೆತ್ತಿದರೆ ಮಾತು ಬದಲಿಸುತ್ತಾನೆ. ಈ ಆಟ ನನ್ನಂಥವರಿಗೆ ಅಲ್ವೇ?

ಉತ್ತರ: ಮೊದಲು ನಿಮ್ಮ ಸೋಲಿನ ವಿಷಯ ಮುಗಿಸೋಣ, ಯಾಕೆಂದರೆ ಆಟ ಅರ್ಥವಾಗದಿರುವ ಕಾರಣವೂ ಅದರಲ್ಲೇ ಇದೆ.

ನಿಮ್ಮ ಗೆಳೆಯ ಮಾಡಿದ್ದು ಸರಿ. ನೀವು ಸೋತದ್ದೂ ಸರಿ. ಸಾಮಾನ್ಯವಾಗಿ ಕಾರ್ಡಿನಲ್ಲಿ ಒಂದು ಘಟನೆಯೂ ನಡೆ ಇಡಲು ಬಳಸುವ ಅಂಕವೂ ಇರುತ್ತವೆ. ಎದುರಾಳಿಯ ಘಟನೆ ಇರುವ ಕಾರ್ಡನ್ನು ನೀವು ಅಂಕಗಳಿಗಾಗಿ ಹಾಕಿದರೂ ಆ ಘಟನೆ ನಡೆದೇ ನಡೆಯುತ್ತದೆ. ‘ಸಿಐಎ ಕ್ರಿಯೇಟೆಡ್’ ಹಾಕಿದರೆ ಅಮೆರಿಕಕ್ಕೆ ನಿಮ್ಮ ಕೈ ನೋಡುವ ಅವಕಾಶ ಸಿಗುತ್ತದೆ. ಜೊತೆಗೆ ಒಂದು ಅಂಕದ ನಡೆಯೂ ಸಿಗುತ್ತದೆ. ಆಗ ಡೆಫ್‌ಕಾನ್, ಅಂದರೆ ಅಣುಯುದ್ಧ ಎಷ್ಟು ಹತ್ತಿರ ಅಂತ 5ರಿಂದ 1ರವರೆಗೆ ತೋರಿಸುವ ಪಟ್ಟಿ, 2ರಲ್ಲಿ ಇತ್ತು ಅನ್ನುವುದು ನಿಮ್ಮ ಮಾತಿನಿಂದಲೇ ಗೊತ್ತಾಗುತ್ತದೆ. ಬ್ಯಾಟಲ್‌ಗ್ರೌಂಡ್, ಅಂದರೆ ನಕ್ಷೆಯಲ್ಲಿ ಮುಖ್ಯ ಅಂತ ಗುರುತಿಸಿದ ದೇಶದಲ್ಲಿ ಯಾರೇ ಕ್ಷಿಪ್ರಕ್ರಾಂತಿಗೆ ಕೈಹಾಕಿದರೂ ಡೆಫ್‌ಕಾನ್ ಒಂದು ಮೆಟ್ಟಿಲು ಇಳಿಯುತ್ತದೆ. ಅದು ಗೆಲ್ಲಬೇಕಂತಲೂ ಇಲ್ಲ, ಪ್ರಯತ್ನ ಮಾಡಿದರೆ ಸಾಕು. ಕ್ಯೂಬಾದ ಸ್ಥಿರತೆ, ಅಂದರೆ ಅದನ್ನು ಅಲುಗಾಡಿಸುವುದು ಎಷ್ಟು ಕಷ್ಟ ಅನ್ನುವ ಸಂಖ್ಯೆ, 3. ಒಂದು ಅಂಕದ ಕಾರ್ಡಿನಿಂದ ಅಲ್ಲಿ ದಾಳದಲ್ಲಿ 6 ಬಿದ್ದರೆ ಮಾತ್ರ ಒಂದು ಬಿಲ್ಲೆ ಕಿತ್ತುಹಾಕಬಹುದು, ಇಲ್ಲದಿದ್ದರೆ ಏನೂ ಇಲ್ಲ. ಅವನಿಗೆ ಅದು ಬೇಕಾಗಿಯೂ ಇರಲಿಲ್ಲ. ಡೆಫ್‌ಕಾನ್ 1 ಮುಟ್ಟಿದಾಗ ಸರದಿ ಯಾರದ್ದೋ ಅವರೇ ಸೋತಂತೆ. ಸರದಿ ನಿಮ್ಮದಾಗಿತ್ತು.

ಈ ಆಟ ಕಲಿಯುವ ಬಹುತೇಕ ಎಲ್ಲರೂ ಒಮ್ಮೆಯಾದರೂ ಹೀಗೆ ಸಾಯುತ್ತಾರೆ. ಅದಕ್ಕೆ ‘ಡೆಫ್‌ಕಾನ್ ಆತ್ಮಹತ್ಯೆ’ ಅಂತ ಆಟಗಾರರು ಹೆಸರೇ ಇಟ್ಟಿದ್ದಾರೆ. ನನ್ನ ಮೊದಲ ಆಟ ಇನ್ನೂ ಪೆದ್ದಾಗಿತ್ತು. ಯುರೋಪಿನ ಪಾಯಿಂಟ್ ಎಣಿಸುವ ‘ಯುರೋಪ್ ಸ್ಕೋರಿಂಗ್’ ಕಾರ್ಡನ್ನು ಮುಂದಿನ ಸುತ್ತಿಗೆ ಅಂತ ಜೋಪಾನವಾಗಿ ಇಟ್ಟುಕೊಂಡೆ. ಸ್ಕೋರಿಂಗ್ ಕಾರ್ಡ್ ಉಳಿಸಿಕೊಂಡರೆ ಆಟವೇ ಹೋಯಿತು ಅನ್ನುವ ಸಾಲನ್ನು ಓದಿದ್ದೆ, ಆದರೆ ಓದಿದ್ದು ನೆನಪಿರಲಿಲ್ಲ.

ಓದಿದ್ದು ನೆನಪಿರದೇ ಇರುವುದಕ್ಕೆ ನಾವು ದಡ್ಡರಾಗಿರಬೇಕಿಲ್ಲ. ಇಂಥ ಆಟಗಳ ನಿಯಮ ಪುಸ್ತಕ ಪಾಠದ ಪುಸ್ತಕವಲ್ಲ, ಕಾನೂನು ಪುಸ್ತಕ. 6.1, 6.1.2 ಅಂತ ಕಲಮುಗಳ ಹಾಗೆ ನಂಬರ್ ಹಾಕಿರುತ್ತಾರೆ. ಯುದ್ಧದ ಆಟಗಳಲ್ಲಿ ಇದು ಹಳೆಯ ಪದ್ಧತಿ. ಜಗಳ ಬಂದಾಗ ಸರಿಯಾದ ಕಲಮು ಹುಡುಕಲು ಅದು ಬಹಳ ಚೆನ್ನಾಗಿದೆ. ಕಲಿಯಲು ಮಾತ್ರ ತುಂಬಾ ಕೆಟ್ಟದ್ದು. ಮೋಟಾರು ಕಾಯ್ದೆಯನ್ನು ನಾಲ್ಕು ಸಲ ಓದಿದವರಿಗೆ ಗಾಡಿ ಓಡಿಸಲು ಬರುತ್ತದೆಯೇ? ಐದನೇ ಸಲ ಓದುವ ಯೋಚನೆ ಇದ್ದರೆ ಬಿಡಿ.

ಇತಿಹಾಸ ಗೊತ್ತು ಅನ್ನುವ ಧೈರ್ಯದ ಬಗ್ಗೆಯೂ ಒಂದು ಮಾತು. ಅದು ನಿಮಗೆ ಸಹಾಯ ಮಾಡಬಹುದು, ಆದರೆ ಸದ್ಯಕ್ಕೆ ಕೈಕೊಡುತ್ತಿದೆ ಅಂತ ನನ್ನ ಅನುಮಾನ. ಒಂದು ಪ್ರಶ್ನೆ ಕೇಳುತ್ತೇನೆ. ವಿಯೆಟ್ನಾಂನಲ್ಲಿ ಎಷ್ಟು ಕಾರ್ಡ್ ಸುರಿದಿರಿ? ಇತಿಹಾಸ ಓದಿಕೊಂಡು ಬಂದ ಹೊಸಬರೆಲ್ಲ ಅಲ್ಲಿಗೇ ಓಡುತ್ತಾರೆ. ಆದರೆ ಈ ನಕ್ಷೆಯಲ್ಲಿ ವಿಯೆಟ್ನಾಂ ಬ್ಯಾಟಲ್‌ಗ್ರೌಂಡೇ ಅಲ್ಲ. ಅದರ ಸ್ಥಿರತೆ ಬರೀ 1. ಬ್ಯಾಟಲ್‌ಗ್ರೌಂಡ್ ಆಗಿರುವುದು ಥಾಯ್ಲೆಂಡ್. ಆಗ್ನೇಯ ಏಷ್ಯಾದ ಲೆಕ್ಕ ಬಂದಾಗ ಉಳಿದ ದೇಶಗಳಿಗೆ ಒಂದೊಂದು ಪಾಯಿಂಟ್, ಥಾಯ್ಲೆಂಡ್‌ಗೆ ಎರಡು. ಯಾಕೆ ಹೀಗೆ?

ಯಾಕೆಂದರೆ ಈ ಆಟ ನಡೆದ ಇತಿಹಾಸವನ್ನು ಆಡಿಸುವುದಿಲ್ಲ. ಎರಡೂ ಕಡೆಯವರು ಹೆದರಿಕೊಂಡಿದ್ದ ಇತಿಹಾಸವನ್ನು ಆಡಿಸುತ್ತದೆ. 1954ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಡಾಮಿನೊ ಸಾಲಿನ ಹೋಲಿಕೆ ಕೊಟ್ಟರು. ಒಂದು ದೇಶ ಬಿದ್ದರೆ ಪಕ್ಕದ್ದು, ಆಮೇಲೆ ಅದರ ಪಕ್ಕದ್ದು. ನಿಜವಾಗಿ ಹಾಗೆ ಆಯಿತೇ ಇಲ್ಲವೇ ಅನ್ನುವ ಚರ್ಚೆ ಬೇರೆ. ಆಟ ಮಾತ್ರ ಆ ನಂಬಿಕೆಯನ್ನು ಹಾಗೆಯೇ ಎತ್ತಿಕೊಂಡು ನಿಯಮ ಮಾಡಿದೆ. ಪ್ರಭಾವದ ಬಿಲ್ಲೆ ಇಡಬೇಕಾದರೆ ಆ ದೇಶದಲ್ಲೋ ಪಕ್ಕದ ದೇಶದಲ್ಲೋ ನಿಮ್ಮ ಬಿಲ್ಲೆ ಮೊದಲೇ ಇರಬೇಕು. ಪಕ್ಕದ ಮನೆಯಿಂದಲೇ ಒಳಗೆ ನುಗ್ಗಬೇಕು. ವಿಯೆಟ್ನಾಂ ಸುಲಭವಾಗಿ ಬೀಳುವ ಬಾಗಿಲು, ಥಾಯ್ಲೆಂಡ್ ಎಲ್ಲರೂ ಕಾಯುತ್ತಿದ್ದ ಮನೆ. ಇದನ್ನು ಹಿಡಿದುಕೊಂಡರೆ ಪಕ್ಕದ ದೇಶದ ನಿಯಮವನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಹಾಗೆಯೇ ಡೆಫ್‌ಕಾನ್. ಅಮೆರಿಕದ ಸೇನೆ ಈ ವ್ಯವಸ್ಥೆ ತಂದದ್ದು 1959ರಲ್ಲಿ. ಆಟ ಶುರುವಾಗುವುದು 1945ರಿಂದ. ಹಾಗಾಗಿ ಇದು ಕಾಲದ ಲೆಕ್ಕದಲ್ಲಿ ಸ್ವಲ್ಪ ಸುಳ್ಳು, ಇರಲಿ. 1962ರ ಅಕ್ಟೋಬರ್‌ನಲ್ಲಿ ಕ್ಯೂಬಾ ಬಿಕ್ಕಟ್ಟು ಬಂದಾಗ ಅಮೆರಿಕದ ಬಾಂಬರ್ ಪಡೆ ನಿಜಕ್ಕೂ ಡೆಫ್‌ಕಾನ್ 2ಕ್ಕೆ ಹೋಗಿತ್ತು. ಆ ಹದಿಮೂರು ದಿನಗಳಲ್ಲಿ ಇಬ್ಬರ ತಲೆಯಲ್ಲೂ ಇದ್ದ ಪ್ರಶ್ನೆ ಒಂದೇ. ನಾನು ಇಡುವ ಈ ಹೆಜ್ಜೆ ಅವನನ್ನು ಕೆಣಕಿಬಿಟ್ಟರೆ? ಈಗ ನಿಮ್ಮ ಸೋಲನ್ನು ಮತ್ತೊಮ್ಮೆ ನೋಡಿ. ಕೆಣಕುವ ಕಾರ್ಡ್ ಹಾಕಿದ್ದು ನೀವು. ಅವನು ಕೆರಳಿದ. ಕೆಣಕಿದವನೇ ಹೊಣೆ. ನಿಯಮ ಅನ್ಯಾಯ ಅನಿಸಬಹುದು, ಆದರೆ ಇನ್ನು ಜನ್ಮದಲ್ಲಿ ಮರೆಯುವುದಿಲ್ಲ ತಾನೇ?

ಇಷ್ಟವಾಗುವ ಇನ್ನೊಂದು ಉದಾಹರಣೆ ‘ಬ್ಲಾಕೇಡ್’ ಕಾರ್ಡ್. ಅಮೆರಿಕ 3 ಅಥವಾ ಹೆಚ್ಚು ಅಂಕದ ಕಾರ್ಡೊಂದನ್ನು ಬಿಸಾಡಬೇಕು. ಇಲ್ಲದಿದ್ದರೆ ಪಶ್ಚಿಮ ಜರ್ಮನಿಯ ಪ್ರಭಾವವೆಲ್ಲ ಮಾಯ. ಸುಮ್ನೆ ಓದಿದರೆ ಇದು ಬರೀ ಲೆಕ್ಕ. 1948ರ ಜೂನ್‌ನಿಂದ 1949ರ ಮೇವರೆಗೆ ಸ್ಟಾಲಿನ್ ಬರ್ಲಿನ್ ದಾರಿ ಮುಚ್ಚಿದ್ದು, ಹಿಟ್ಟು ಕಲ್ಲಿದ್ದಲು ಎಲ್ಲವನ್ನೂ ವಿಮಾನದಲ್ಲಿ ಸಾಗಿಸಬೇಕಾಗಿ ಬಂದದ್ದು ನಿಮಗೆ ಗೊತ್ತು. ಆ ಬಿಸಾಡಿದ ಕಾರ್ಡೇ ವಿಮಾನ ಸಾಗಣೆಯ ಖರ್ಚು. ನಿಮ್ಮ ಓದು ಕೆಲಸಕ್ಕೆ ಬರುವುದು ಇಂಥ ಕಡೆ. ಮುಂದೆ ಏನಾಯಿತು ಅನ್ನುವ ತಿಳಿವಳಿಕೆಯನ್ನು ಮಾತ್ರ ಮೇಜಿನ ಹೊರಗೆ ಬಿಟ್ಟು ಬನ್ನಿ.

ಸರಿ, ಮುಂದಿನ ಸಲ ಹೇಗೆ ಕೂರಬೇಕು?

ಹತ್ತು ಸುತ್ತಿನ ಪೂರ್ತಿ ಆಟ ಆಡಬೇಡಿ. ಮೊದಲ ಮೂರು ಸುತ್ತು, ಅಂದರೆ ‘ಅರ್ಲಿ ವಾರ್’ ಭಾಗ, ಅಷ್ಟೇ ಆಡಿ. ಅಲ್ಲಿಗೆ ನಿಲ್ಲಿಸಿ. ಮತ್ತೆ ಬಿಲ್ಲೆ ಜೋಡಿಸಿ, ಮತ್ತೆ ಅದೇ ಮೂರು ಸುತ್ತು. ಹೊಸ ಪೆಟ್ಟಿಗೆಗಳಲ್ಲಿ ಒಟ್ಟು 110 ಕಾರ್ಡ್ ಇರುತ್ತವೆ. ಈ ಭಾಗಕ್ಕೆ ಬೇಕಾಗುವುದು ನಲವತ್ತಕ್ಕಿಂತ ಕಡಿಮೆ. ಎರಡು ಮೂರು ಸಲ ಆಡಿದರೆ ಅವು ಮುಖ ಪರಿಚಯವಾಗುತ್ತವೆ. ಅದಾದ ಮೇಲೆ ನಾಲ್ಕನೇ ಸುತ್ತಿಗೆ ಹೊಸ ಕಾರ್ಡ್ ಸೇರಿಸಿದರೆ ಭಾರ ಅನಿಸುವುದಿಲ್ಲ.

ಮೊದಲ ಸಲ ಇಬ್ಬರೂ ಕಾರ್ಡುಗಳನ್ನು ಮೇಜಿನ ಮೇಲೆ ಮುಖ ಮೇಲಾಗಿ ಹರಡಿಕೊಳ್ಳಿ. ಗುಟ್ಟು ಬೇಡ. ‘ನಾನು ನೀನಾಗಿದ್ದರೆ ಇದನ್ನು ಹಾಕುತ್ತಿದ್ದೆ’ ಅಂತ ಮಾತಾಡಿಕೊಂಡೇ ಆಡಿ. ಗೆದ್ದವರು ಯಾರು ಅನ್ನುವ ಲೆಕ್ಕವೇ ಬೇಡ. ಬಿಲ್ಲೆ ಕಿತ್ತುಹಾಕಲು ‘ರೀಅಲೈನ್‌ಮೆಂಟ್’ ಅಂತ ಇನ್ನೊಂದು ದಾರಿ ಇದೆಯಲ್ಲ, ಅದನ್ನು ಸದ್ಯಕ್ಕೆ ಮರೆತುಬಿಡಿ. ಅದು ಬೇಕಾಗುವ ದಿನ ತಾನಾಗಿ ಬರುತ್ತದೆ. ಕಾರ್ಡನ್ನು ಬಾಹ್ಯಾಕಾಶಕ್ಕೆ ಕಳಿಸುವ ‘ಸ್ಪೇಸ್ ರೇಸ್’ ಬಿಡಬೇಡಿ, ಅದು ಬೇಡದ ಕಾರ್ಡಿನ ಕಸದ ಬುಟ್ಟಿ. ಕಸದ ಬುಟ್ಟಿ ಇಲ್ಲದೆ ಈ ಆಟ ಆಡಲು ಆಗುವುದಿಲ್ಲ.

ಇನ್ನು ಎಂಟು ಕಾರ್ಡುಗಳ ಸಂಕಟ. ಕೈಗೆ ಬಂದ ಕೂಡಲೇ ಮೊದಲ ನಡೆ ಯಾವುದು ಅಂತ ಯೋಚಿಸಬೇಡಿ. ಮೊದಲು ವಿಂಗಡಿಸಿ. ಸ್ಕೋರಿಂಗ್ ಕಾರ್ಡ್ ಒಂದು ಕಡೆ, ನಿಮ್ಮ ಘಟನೆಗಳು ಒಂದು ಕಡೆ, ಇಬ್ಬರಿಗೂ ಸೇರಿದ್ದು ಒಂದು ಕಡೆ, ಎದುರಾಳಿಯದ್ದು ಕೊನೆಗೆ. ಕಣ್ಣು ಹೋಗಬೇಕಾದದ್ದು ಆ ಕೊನೆಯ ಗುಂಪಿನ ಮೇಲೆ. ಹೊಸಬರು ತಮ್ಮ ಒಳ್ಳೆ ಕಾರ್ಡ್ ಹೇಗೆ ಬಳಸಲಿ ಅಂತ ಯೋಚಿಸುತ್ತಾರೆ. ಪಳಗಿದವರು ಎದುರಾಳಿಯ ಕೆಟ್ಟ ಕಾರ್ಡನ್ನು ಹೇಗೆ ಕಡಿಮೆ ಪೆಟ್ಟಿನಲ್ಲಿ ಕಳೆದುಕೊಳ್ಳಲಿ ಅಂತ ಯೋಚಿಸುತ್ತಾರೆ. ನನ್ನ ಪ್ರಕಾರ ಇಡೀ ಆಟದ ಗುಟ್ಟು ಇದೇ. ನಕ್ಷೆ ದೊಡ್ಡದಾಗಿ ಕಾಣುತ್ತದೆ, ಆದರೆ ನಿಜವಾದ ಆಟ ನಿಮ್ಮ ಕೈಯೊಳಗೇ ನಡೆಯುತ್ತಿರುತ್ತದೆ.

ಕಳೆದುಕೊಳ್ಳಲು ದಾರಿಗಳು ಹೆಚ್ಚೇನೂ ಇಲ್ಲ. ಮೊದಲ ಮೂರು ಸುತ್ತುಗಳಲ್ಲಿ ಎಂಟು ಕಾರ್ಡ್ ಇರುತ್ತವೆ. ಒಂದು ಸುತ್ತಿನ ಶುರುವಿಗೆ ಇಬ್ಬರೂ ಹಾಕುವ ಹೆಡ್‌ಲೈನ್‌ಗೆ, ಆರು ಸರದಿಗಳಿಗೆ, ಒಂದು ಉಳಿಯುತ್ತದೆ. ಆ ಉಳಿಯುವ ಜಾಗವನ್ನು ಅತಿ ಕೆಟ್ಟ ಕಾರ್ಡಿಗೆ ಮೀಸಲಿಡಿ. ಎರಡು ಅಥವಾ ಹೆಚ್ಚು ಅಂಕದ್ದಾದರೆ ಸುತ್ತಿಗೆ ಒಂದರಂತೆ ಬಾಹ್ಯಾಕಾಶಕ್ಕೆ ಕಳಿಸಬಹುದು, ಆಗ ಘಟನೆ ನಡೆಯುವುದಿಲ್ಲ. ಇಲ್ಲದಿದ್ದರೆ ಪೆಟ್ಟು ಹಗುರವಾಗಿರುವ ಹೊತ್ತು ನೋಡಿ ಹಾಕಬೇಕು. ಘಟನೆ ಮೊದಲೋ ನಿಮ್ಮ ನಡೆ ಮೊದಲೋ ಅನ್ನುವುದನ್ನು ನೀವೇ ಆರಿಸಬಹುದು. ಇದನ್ನು ಬಹಳ ಜನ ಗಮನಿಸುವುದೇ ಇಲ್ಲ. ಎದುರಾಳಿಯ ಘಟನೆ ಮೊದಲು ನಡೆಯಲು ಬಿಟ್ಟು, ಆಮೇಲೆ ನಿಮ್ಮ ಅಂಕಗಳಿಂದ ಗಾಯಕ್ಕೆ ಮುಲಾಮು ಹಚ್ಚಿ.

ನಿಮ್ಮನ್ನು ಕೊಂದ ಕಾರ್ಡು ಒಂದೇ ಅಂಕದ್ದು, ಬಾಹ್ಯಾಕಾಶಕ್ಕೆ ಹೋಗುವುದಿಲ್ಲ. ಡೆಫ್‌ಕಾನ್ 3 ಅಥವಾ ಅದಕ್ಕಿಂತ ಮೇಲೆ ಇರುವಾಗ ಹಾಕಿದ್ದರೆ ನೀವು ಬದುಕುತ್ತಿದ್ದಿರಿ. ಪ್ರತಿ ಸುತ್ತಿನ ಶುರುವಿಗೆ ಡೆಫ್‌ಕಾನ್ ಒಂದು ಮೆಟ್ಟಿಲು ಮೇಲೆ ಏರುತ್ತದೆ ಅನ್ನುವುದು ನೆನಪಿರಲಿ. ಅರ್ಲಿ ವಾರ್‌ನಲ್ಲಿ ಈ ವಿಷಯದಲ್ಲಿ ಹೆದರಬೇಕಾದವು ಮುಖ್ಯವಾಗಿ ಮೂರು. ಸೋವಿಯತ್ ಕೈಯಲ್ಲಿ ‘ಸಿಐಎ ಕ್ರಿಯೇಟೆಡ್’. ತಾನೇ ಡೆಫ್‌ಕಾನ್ ಇಳಿಸುವ ‘ಡಕ್ ಆ್ಯಂಡ್ ಕವರ್’. ಮತ್ತೆ ‘ಒಲಿಂಪಿಕ್ ಗೇಮ್ಸ್’, ಎದುರಾಳಿ ಬಹಿಷ್ಕಾರ ಹಾಕಿದರೆ ಅದೂ ಡೆಫ್‌ಕಾನ್ ಇಳಿಸುತ್ತದೆ. ಒಂದು ಚೀಟಿಯಲ್ಲಿ ಈ ಮೂರು ಹೆಸರು ಬರೆದು ನಕ್ಷೆಯ ಪಕ್ಕ ಇಡಿ. ನಾಚಿಕೆ ಪಡಬೇಕಾಗಿಲ್ಲ, ನಾನು ಎಷ್ಟೋ ಆಟ ಇಟ್ಟುಕೊಂಡಿದ್ದೆ.

ಒಂದು ಲೆಕ್ಕವನ್ನು ಮಾತ್ರ ಬೋರ್ಡ್ ಮುಂದೆ ಕೂತು ಕೈಯಾರೆ ಮಾಡಿ ನೋಡಿ. ಆಟದ ಶುರುವಿಗೆ ಇರಾನ್‌ನಲ್ಲಿ ಅಮೆರಿಕದ ಒಂದು ಬಿಲ್ಲೆ ಇರುತ್ತದೆ. ಇರಾನ್ ಸ್ಥಿರತೆ 2, ಅದು ಬ್ಯಾಟಲ್‌ಗ್ರೌಂಡ್. ಸೋವಿಯತ್ ಮೊದಲ ಸರದಿಯಲ್ಲಿ 4 ಅಂಕದ ಕಾರ್ಡ್ ಹಾಕಿ ಅಲ್ಲಿ ಕ್ಷಿಪ್ರಕ್ರಾಂತಿ ಮಾಡುತ್ತದೆ ಅಂದುಕೊಳ್ಳಿ. ದಾಳ ಹಾಕಿ, ಬಂದದ್ದಕ್ಕೆ 4 ಕೂಡಿಸಿ, ಸ್ಥಿರತೆಯ ಎರಡರಷ್ಟನ್ನು ಕಳೆಯಿರಿ. ದಾಳದಲ್ಲಿ 3 ಬಿತ್ತು. 3 ಮತ್ತು 4 ಸೇರಿ 7, ಅದರಲ್ಲಿ 4 ಹೋದರೆ 3. ಅಮೆರಿಕದ ಒಂದು ಬಿಲ್ಲೆ ಹೊರಗೆ, ಉಳಿದ ಎರಡರಷ್ಟು ಸೋವಿಯತ್ ಬಿಲ್ಲೆ ಒಳಗೆ. ಒಂದು ದೇಶ ನಿಮ್ಮದಾಗಬೇಕಾದರೆ ಎದುರಾಳಿಗಿಂತ ಸ್ಥಿರತೆಯಷ್ಟಾದರೂ ಜಾಸ್ತಿ ಬಿಲ್ಲೆ ಇರಬೇಕು. ಇಲ್ಲಿ ಎರಡಿದೆ, ಎದುರಾಳಿಯದ್ದು ಸೊನ್ನೆ. ಇರಾನ್ ಸೋವಿಯತ್ ಹಿಡಿತಕ್ಕೆ ಬಂತು. ಡೆಫ್‌ಕಾನ್ 5ರಿಂದ 4ಕ್ಕೆ ಇಳಿಯಿತು. 4ಕ್ಕೆ ಬಂದರೆ ಯುರೋಪ್‌ನಲ್ಲಿ ಕ್ಷಿಪ್ರಕ್ರಾಂತಿ ಬಂದ್. 3ಕ್ಕೆ ಬಂದರೆ ಏಷ್ಯಾ ಬಂದ್, 2ಕ್ಕೆ ಬಂದರೆ ಮಧ್ಯಪ್ರಾಚ್ಯವೂ ಬಂದ್.

ಈಗ ನಕ್ಷೆ ನೋಡಿ. ಇರಾನ್ ಪಕ್ಕ ಪಾಕಿಸ್ತಾನ, ಪಾಕಿಸ್ತಾನದ ಪಕ್ಕ ಭಾರತ. ಎರಡೂ ಬ್ಯಾಟಲ್‌ಗ್ರೌಂಡ್. ಅಮೆರಿಕ ಇರಾನ್ ಕಳೆದುಕೊಂಡರೆ ಆ ಕಡೆಯ ಬಾಗಿಲೇ ಮುಚ್ಚಿತು. ಒಂದು ದಾಳ ಒಂದು ದೇಶವನ್ನಷ್ಟೇ ಅಲ್ಲ, ದಕ್ಷಿಣ ಏಷ್ಯಾವನ್ನೇ ತಿರುಗಿಸಿತು. ಅನುಭವಿಗಳು ಸೋವಿಯತ್ ಕಡೆಯಿಂದ ಆಟವನ್ನು ಇಲ್ಲಿಂದಲೇ ಶುರುಮಾಡಲು ಇಷ್ಟಪಡುವುದು ಅದಕ್ಕೆ. ದಾಳದಲ್ಲಿ 1 ಬಿದ್ದರೆ ಅಮೆರಿಕದ ಬಿಲ್ಲೆ ಹೋಗುತ್ತದೆ, ನಿಮ್ಮದು ಬರುವುದಿಲ್ಲ. ಆಗ ಮುಂದೇನು ಅಂತ ಇಬ್ಬರೂ ಸೇರಿ ಯೋಚಿಸಿ. ಈ ಒಂದು ನಡೆಯನ್ನು ಆರೇಳು ಸಲ ಆಡಿದರೆ ಸ್ಥಿರತೆ, ಹಿಡಿತ, ಪಕ್ಕದ ದೇಶ, ಡೆಫ್‌ಕಾನ್ ಎಲ್ಲವೂ ಒಟ್ಟಿಗೆ ಬೆರಳಿಗೆ ಬರುತ್ತವೆ. ಪುಸ್ತಕದಲ್ಲಿ ಅವು ಬೇರೆ ಬೇರೆ ಕಲಮುಗಳು.

ಭಾರತದ ಮಾತು ಬಂದದ್ದಕ್ಕೆ ಹೇಳುತ್ತೇನೆ. 1961ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಅಲಿಪ್ತ ದೇಶಗಳು ಸೇರಿ ನಾವು ಯಾರ ಕಡೆಯೂ ಇಲ್ಲ ಅಂದವು. ಈ ನಕ್ಷೆಯಲ್ಲಿ ಆ ದೇಶಗಳಿಗೆ ಸ್ವಂತ ದನಿಯೇ ಇಲ್ಲ. ಭಾರತ ಸ್ಥಿರತೆ 3 ಇರುವ ಒಂದು ಚೌಕ, ಇಬ್ಬರೂ ಬಿಲ್ಲೆ ಇಡುವ ಜಾಗ. ಕೆಲವರಿಗೆ ಇದು ಸಿಟ್ಟು ತರಿಸುತ್ತದೆ. ನನಗೂ ಮೊದಲು ತರಿಸಿತ್ತು. ಆಮೇಲೆ ಅನಿಸಿತು, ವಾಷಿಂಗ್ಟನ್ ಮತ್ತು ಮಾಸ್ಕೋದ ಕೋಣೆಗಳಲ್ಲಿ ನಕ್ಷೆ ಹೀಗೇ ಕಾಣುತ್ತಿತ್ತೋ ಏನೋ.

ಎರಡು ಸಣ್ಣ ವಿಷಯ ಬೇಗ ಹೇಳಿಬಿಡುತ್ತೇನೆ. ಕಾರ್ಡಿನ ಮೇಲಿನ ಘಟನೆ ಎಷ್ಟೇ ಹೊಳೆಯುತ್ತಿರಲಿ, ಅನುಮಾನ ಬಂದರೆ ಅಂಕಗಳಿಗೆ ಬಳಸಿ. ಘಟನೆಗಳ ಮೋಹ ಹೊಸಬರನ್ನು ಜಾಸ್ತಿ ಸೋಲಿಸುತ್ತದೆ. ಸುತ್ತಿನ ಕೊನೆಗೆ ಡೆಫ್‌ಕಾನ್ ಎಷ್ಟಿದೆಯೋ ಅಷ್ಟು ಅಂಕದ ಮಿಲಿಟರಿ ಕಾರ್ಯಾಚರಣೆ ಮಾಡಿರಬೇಕು, ಕಡಿಮೆಯಾದಷ್ಟು ಪಾಯಿಂಟ್ ಎದುರಾಳಿಗೆ ಹೋಗಬಹುದು. ಇದನ್ನು ಎಲ್ಲರೂ ಮರೆಯುತ್ತಾರೆ. ಸುತ್ತಿನ ಮಧ್ಯೆ ಒಮ್ಮೆ ಆ ಪಟ್ಟಿಯ ಕಡೆ ಕಣ್ಣು ಹಾಯಿಸಿ.

ಕಂಪ್ಯೂಟರ್ ಆವೃತ್ತಿಯಲ್ಲಿ ಕಲಿಯಬಹುದೇ ಅಂತ ಕೆಲವರು ಕೇಳುತ್ತಾರೆ. ಕಲಿಯಬಹುದು. ಅದು ತಪ್ಪು ನಡೆ ಇಡಲು ಬಿಡುವುದಿಲ್ಲ, ಲೆಕ್ಕವೆಲ್ಲ ತಾನೇ ಮಾಡುತ್ತದೆ. ಆದರೆ ಲೆಕ್ಕ ಅದು ಮಾಡಿದರೆ ನಿಮಗೆ ಬರುವುದಾದರೂ ಹೇಗೆ? ಬಿಲ್ಲೆಯನ್ನು ಕೈಯಲ್ಲಿ ಹಿಡಿದು ಇಟ್ಟ ಮೇಲೆ, ಆಡಲು ಯಾರೂ ಸಿಗದ ದಿನಗಳಿಗೆ ಅದು ಒಳ್ಳೆಯದು. ಚಿಕ್ಕ ಆಟದಿಂದ ಶುರುಮಾಡುವ ಆಸೆ ಇದ್ದರೆ ಕ್ಯೂಬಾ ಬಿಕ್ಕಟ್ಟಿನ ಮೇಲೆಯೇ ‘13 ಡೇಸ್’ ಅನ್ನುವ ಆಟ ಇದೆ, ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಅದೂ ಚೆನ್ನಾಗಿದೆ. ಆದರೆ ನಿಮಗೆ ಅದರ ಅಗತ್ಯ ಇಲ್ಲ ಅಂತ ನನಗನ್ನಿಸುತ್ತದೆ. ‘ಕೈಹಾಕಿದ್ದು ಅವನು, ಸೋತದ್ದು ನಾನು’ ಅಂತ ಕೇಳಿದವರು ಈ ಆಟದ ಒಳಗೆ ಆಗಲೇ ಕಾಲಿಟ್ಟಾಗಿದೆ.

ಐದು ಗಂಟೆಯ ಬಗ್ಗೆ ಬೇಸರ ಬೇಡ. ಪಳಗಿದವರು ಪೂರ್ತಿ ಆಟವನ್ನು ಎರಡು ಮೂರು ಗಂಟೆಯಲ್ಲಿ ಮುಗಿಸುತ್ತಾರೆ, ಆದರೆ ಅವರು ಕಾರ್ಡ್ ಓದುವುದಿಲ್ಲ, ಹೆಸರು ನೋಡಿಯೇ ಗುರುತು ಹಿಡಿಯುತ್ತಾರೆ. ನೀವು ಪ್ರತಿ ಕಾರ್ಡನ್ನೂ ಪತ್ರ ಓದಿದ ಹಾಗೆ ಓದುತ್ತಿದ್ದೀರಿ.

ಉಳಿದದ್ದು ನಿಮ್ಮ ಗೆಳೆಯ. ಅವನಿಗೆ ನಿಯಮ ವಿವರಿಸಲು ಹೋಗಬೇಡಿ. ಪೂರ್ತಿ ಆಟಕ್ಕೆ ಅಂತಲೂ ಕರೆಯಬೇಡಿ. ಒಂದು ಗಂಟೆ, ಮೂರೇ ಸುತ್ತು, ಕಾರ್ಡೆಲ್ಲ ತೆರೆದಿಟ್ಟು, ಅಂತ ಮೊದಲೇ ಹೇಳಿ. ಈ ಸಲ ಸೋವಿಯತ್ ಅವನಿಗೆ ಕೊಡಿ. ಮೊದಲ ಸುತ್ತುಗಳಲ್ಲಿ ಸೋವಿಯತ್ ಕೈ ಮೇಲಿರುತ್ತದೆ, ಅಮೆರಿಕಕ್ಕೆ ಬಲ ಬರುವುದು ಆಟದ ಕೊನೆಕೊನೆಗೆ. ಬೇಗ ಗೆಲ್ಲುವ ಕಡೆ ಅವನು ಕೂತರೆ ಮತ್ತೆ ಬರುವ ಮನಸ್ಸಾಗುತ್ತದೆ. ಇರಾನ್ ದಾಳವನ್ನು ಅವನೇ ಹಾಕಲಿ. ಸಿಐಎ ಕಾರ್ಡ್ ಅವನ ಕೈಗೆ ಬಂದರೆ ಡೆಫ್‌ಕಾನ್ ಎಷ್ಟಿದೆ ಅಂತ ಒಮ್ಮೆ ನೆನಪಿಸಿ. ಎರಡನೇ ಸಲ ನೆನಪಿಸಬೇಕಾಗಿಲ್ಲ.